ಟಿಕ್ ಮಾಡದ ಒಂದು ಚೌಕ, ಕಳೆದುಹೋದ ಮೂರು ವಾರ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಾಕಾ ಒಂದು ತೊಗರಿ ಬೇಳೆ ಗಿರಣಿಯನ್ನು ನೋಡಿಕೊಳ್ಳುತ್ತಾರೆ. ಏಪ್ರಿಲ್ ಬಂತೆಂದರೆ ಅಲ್ಲಿನ ಕಲರ್ ಸಾರ್ಟರ್ ಮಧ್ಯಾಹ್ನ ಎರಡರ ಹೊತ್ತಿಗೆ ತಾನಾಗಿ ನಿಂತುಬಿಡುತ್ತಿತ್ತು. ಬೇಳೆಯ ಒಂದೊಂದು ಕಾಳನ್ನೂ ಕ್ಯಾಮೆರಾದಿಂದ ನೋಡಿ, ಬಣ್ಣಗೆಟ್ಟಿದ್ದನ್ನು ಗಾಳಿಯ ಚಿಮ್ಮಿನಿಂದ ಹೊರಗೆ ತಳ್ಳುವ ಯಂತ್ರ ಅದು. ಅದರ ವಿದ್ಯುತ್ ಪ್ಯಾನೆಲ್‌ನೊಳಗೆ ಥರ್ಮಾಮೀಟರ್ ಇಟ್ಟು ನೋಡಿದೆ: 53 ಡಿಗ್ರಿ. ಹೊರಗೆ 43. ಪ್ಯಾನೆಲ್‌ಗೆ ಫ್ಯಾನ್ ಇತ್ತು, ಆದರೆ ಅದರ ಜಾಲರಿಗೆ ಹೊಟ್ಟಿನ ಧೂಳು ಮೆತ್ತಿ ಕಂಬಳಿ ಹೊದಿಸಿದಂತಾಗಿತ್ತು. ಎರಡು ದಿನಕ್ಕೊಮ್ಮೆ ತೊಳೆದರೂ ಅಷ್ಟೇ.

ಧೂಳನ್ನು ಒಳಗೆ ಬಿಡದೆ ತಂಪು ಮಾಡುವ ಉಪಾಯ ಬೇಕಿತ್ತು. ಸಾರ್ಟರ್‌ಗಾಗಿ ಕಂಪ್ರೆಸರ್ ಹೇಗೂ ಓಡುತ್ತಲೇ ಇರುತ್ತದೆ. ಆಗ ನೆನಪಾದದ್ದು ವೋರ್ಟೆಕ್ಸ್ ಟ್ಯೂಬ್, ನಮ್ಮ ಮಾತಿನಲ್ಲಿ ಸುಳಿ ಕೊಳವೆ. ಒತ್ತಿದ ಗಾಳಿಯನ್ನು ಒಂದು ಕೊಳವೆಯ ಅಂಚಿಗೆ ಸ್ಪರ್ಶರೇಖೆಯಂತೆ ನುಗ್ಗಿಸಿದರೆ ಅದು ಸುಳಿಯಾಗಿ ತಿರುಗುತ್ತಾ ಮುಂದಕ್ಕೆ ಹೋಗುತ್ತದೆ. ಅಂಚಿನ ಗಾಳಿ ಬಿಸಿಯಾಗಿ ದೂರದ ತುದಿಯಿಂದ ಹೊರಬೀಳುತ್ತದೆ, ನಡುವಿನದು ತಣ್ಣಗಾಗಿ ಹಿಂದಕ್ಕೆ ಮರಳಿ ಇನ್ನೊಂದು ತುದಿಯಿಂದ ಬರುತ್ತದೆ. ಒಳಗೆ ಚಲಿಸುವ ಭಾಗ ಒಂದೂ ಇಲ್ಲ. ಆ ತಣ್ಣನೆಯ ಗಾಳಿಯನ್ನು ಪ್ಯಾನೆಲ್‌ಗೆ ಬಿಟ್ಟರೆ ಅದರೊಳಗೆ ಒತ್ತಡ ಸ್ವಲ್ಪ ಹೆಚ್ಚಿರುವುದರಿಂದ ಧೂಳು ಒಳಗೆ ಬರುವ ಮಾತೂ ಇಲ್ಲ. ಸುಳಿಯ ಈ ಗುಣವನ್ನು ಮೊದಲು ಗಮನಿಸಿದವರು ಫ್ರಾನ್ಸಿನ ಜಾರ್ಜ್ ರಾಂಕ್. ಧೂಳು ಬೇರ್ಪಡಿಸುವ ಸೈಕ್ಲೋನ್‌ಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಅವರ ಕಣ್ಣಿಗೆ ಇದು ಬಿತ್ತು. 1933ರಲ್ಲಿ ಅವರು ಇದನ್ನು ಮಂಡಿಸಿದಾಗ ನಂಬಿದವರು ಕಡಿಮೆ. ಎರಡನೆಯ ಮಹಾಯುದ್ಧದ ನಂತರ ಜರ್ಮನಿಯ ರುಡಾಲ್ಫ್ ಹಿಲ್ಷ್ ವಿವರವಾಗಿ ಅಳೆದು ಪ್ರಕಟಿಸಿದ ಮೇಲೆ ಇಬ್ಬರ ಹೆಸರೂ ಕೊಳವೆಗೆ ಅಂಟಿಕೊಂಡಿತು. ಕಾಕಾನ ಗಿರಣಿಯ ಮೇಲೂ ಅಂಥದ್ದೇ ಒಂದು ಸೈಕ್ಲೋನ್ ನಿಂತಿದೆ. ಚಿಕ್ಕಂದಿನಿಂದ ನೋಡಿದ್ದೇನೆ, ನನಗೆ ಮಾತ್ರ ಏನೂ ಹೊಳೆದಿರಲಿಲ್ಲ.

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವನು. ಲೇತ್ ಹಿಡಿಯುವ ಮೊದಲು ಕಂಪ್ಯೂಟರಿನಲ್ಲಿ ಮಾಡಿ ನೋಡೋಣ ಎನ್ನುವುದು ನಮ್ಮವರ ಚಾಳಿ. ಒಳವ್ಯಾಸ 16 ಮಿಲಿಮೀಟರ್, ಉದ್ದ 240, ತಂಪು ತುದಿಯ ರಂಧ್ರ 8, ಗಾಳಿ ಒಳಬರಲು 1.6 ಮಿಲಿಮೀಟರಿನ ನಾಲ್ಕು ನಳಿಕೆಗಳು, ಗೇಜಿನಲ್ಲಿ 5 ಬಾರ್ ಒತ್ತಡ. ನಾಲ್ಕು ನಳಿಕೆಗಳೂ ಒಂದೇ ಥರ ಇರುವುದರಿಂದ ಕೊಳವೆಯ ಕಾಲು ಭಾಗವನ್ನಷ್ಟೇ ಬಿಡಿಸಿ, ಎರಡೂ ಕಡೆಯ ಗಡಿ ಒಂದಕ್ಕೊಂದು ಹೊಂದುವಂತೆ ಹೇಳಿದರೆ ಸಾಕು. ಒಟ್ಟು ಗಾಳಿಯಲ್ಲಿ ಶೇಕಡಾ 60 ತಂಪು ತುದಿಯಿಂದ ಬರುವಂತೆ ಬಿಸಿ ತುದಿಯ ಒತ್ತಡವನ್ನು ಹೊಂದಿಸಿದೆ.

ಮೊದಲ ಉತ್ತರ ಬಂತು. ಒಳಬರುವ ಗಾಳಿ 42 ಡಿಗ್ರಿ, ತಂಪು ತುದಿ 40, ಬಿಸಿ ತುದಿ 45. ಸುಳಿ ಅಚ್ಚುಕಟ್ಟಾಗಿ ತಿರುಗುತ್ತಿತ್ತು, ವೇಗದ ಚಿತ್ರ ಪಠ್ಯಪುಸ್ತಕಕ್ಕೆ ಹಾಕುವಷ್ಟು ಚೆಂದ. ತಂಪು ಮಾತ್ರ ಇಲ್ಲ. ಲೆಕ್ಕಕ್ಕಾಗಿ ಕೊಳವೆಯ ಒಳಜಾಗವನ್ನು ಪುಟ್ಟ ಕೋಶಗಳಾಗಿ ಒಡೆಯುವ ಜಾಲವನ್ನು ಸಣ್ಣದು ಮಾಡಿದೆ, ಆರು ಲಕ್ಷ ಕೋಶಗಳಿಂದ ಹದಿನಾಲ್ಕು ಲಕ್ಷಕ್ಕೆ ಏರಿಸಿದೆ. ಗೋಡೆಯ ಬಳಿ ಪದರಗಳನ್ನು ಹೆಚ್ಚಿಸಿದೆ. ನಳಿಕೆಯ ಕೋನ ಬದಲಿಸಿದೆ. ಮೂರು ವಾರ ಹೀಗೆಯೇ ಹೋಯಿತು. ಕಂಪ್ಯೂಟರ್ ಕಾಯಿತೆಂದು ಮನೆಯ ಕೂಲರನ್ನು ನನ್ನ ಕಡೆಯಿಂದ ಅದರ ಕಡೆಗೆ ತಿರುಗಿಸಿ, ನಾನು ಬೆವರುತ್ತಾ ಕುಳಿತದ್ದನ್ನು ಮನೆಯವರು ಇನ್ನೂ ಆಡಿಕೊಳ್ಳುತ್ತಾರೆ.

ತಪ್ಪು ಒಂದು ಪುಟ್ಟ ಚೌಕದಲ್ಲಿತ್ತು. ಗಾಳಿ, ನೀರಿನ ಹರಿವನ್ನು ಲೆಕ್ಕ ಹಾಕಲು ನಾನು ಬಳಸಿದ ಫ್ಲುಯೆಂಟ್ ತಂತ್ರಾಂಶದಲ್ಲಿ ಒತ್ತಡ ಆಧಾರಿತ ವಿಧಾನವನ್ನು ಆರಿಸಿದರೆ, ಸ್ನಿಗ್ಧತೆಯಿಂದ, ಅಂದರೆ ಗಾಳಿಯ ಪದರಗಳ ಒಳತಿಕ್ಕಾಟದಿಂದ, ಹುಟ್ಟುವ ಶಾಖವನ್ನು ಅದು ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ‘ವಿಸ್ಕಸ್ ಹೀಟಿಂಗ್’ ಎಂಬಲ್ಲಿ ಟಿಕ್ ಹಾಕಬೇಕು. ಸಾಂದ್ರತೆ ಆಧಾರಿತ ವಿಧಾನದಲ್ಲಿ ಅದು ಮೊದಲೇ ಸೇರಿರುತ್ತದೆ. ಸಾಮಾನ್ಯ ಪೈಪು, ಪಂಪುಗಳ ಲೆಕ್ಕದಲ್ಲಿ ಅದಿಲ್ಲದಿದ್ದರೂ ನಡೆಯುತ್ತದೆ. ಇಲ್ಲಿ ಅದೇ ಜೀವಾಳ. ಒಳಗಿನ ಪದರ ಹೊರಗಿನ ಪದರವನ್ನು ಉಜ್ಜಿ ತಿರುಗಿಸುತ್ತಾ ತನ್ನ ಶಕ್ತಿಯನ್ನು ಅದಕ್ಕೆ ದಾಟಿಸುತ್ತದೆ. ಆ ದಾಟುವಿಕೆಯನ್ನೇ ನಾನು ಲೆಕ್ಕದಿಂದ ಕಿತ್ತುಹಾಕಿ, ತಂಪು ಎಲ್ಲಿ ಎಂದು ಹುಡುಕುತ್ತಿದ್ದೆ! ಕೈಪಿಡಿಯಲ್ಲಿ ಬರೆದಿದೆ. ಓದಿರಲಿಲ್ಲ.

ಟಿಕ್ ಹಾಕಿದ ಮೇಲೆ ತಂಪು ತುದಿ 17 ಡಿಗ್ರಿಗೆ ಇಳಿಯಿತು, ಬಿಸಿ ತುದಿ ಎಪ್ಪತ್ತು ದಾಟಿತು. ಕುಣಿದಾಡಬೇಕು ಎನ್ನಿಸಿತು. ಆದರೆ ಈ ಕೊಳವೆಯಲ್ಲಿ ಒಂದು ಸರಳ ತಾಳೆ ಇದೆ. ಗೋಡೆಯಿಂದ ಶಾಖ ಹೊರಹೋಗದಿದ್ದರೆ ತಂಪು ಪಾಲನ್ನು ಅದರ ಇಳಿಕೆಯಿಂದ ಗುಣಿಸಿದಾಗ ಬರುವ ಸಂಖ್ಯೆ, ಬಿಸಿ ಪಾಲನ್ನು ಅದರ ಏರಿಕೆಯಿಂದ ಗುಣಿಸಿದ್ದಕ್ಕೆ ಸಮವಿರಬೇಕು. ನನ್ನದು 0.6 × 25 = 15, ಇನ್ನೊಂದು ಕಡೆ 0.4 × 28.5 = 11.4. ಮೂರೂವರೆ ಡಿಗ್ರಿ ಎಲ್ಲಿ ಹೋಯಿತು? ನಾನು ಓದುತ್ತಿದ್ದದ್ದು ಸ್ಟ್ಯಾಟಿಕ್ ತಾಪಮಾನವನ್ನು, ಗಾಳಿಯ ಓಟದ ಶಕ್ತಿ ಅದರಲ್ಲಿ ಸೇರಿರುವುದಿಲ್ಲ. 8 ಮಿಲಿಮೀಟರ್ ರಂಧ್ರದಲ್ಲಿ ಗಾಳಿ ಸೆಕೆಂಡಿಗೆ ನೂರು ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ, ಆ ವೇಗದ ಬೆಲೆಯೇ ಐದಾರು ಡಿಗ್ರಿ. ಪ್ಯಾನೆಲ್‌ನೊಳಗೆ ಗಾಳಿ ನಿಂತೊಡನೆ ಅದು ಮರಳಿ ಬಂದುಬಿಡುತ್ತದೆ. ಒಟ್ಟು ತಾಪಮಾನವನ್ನು ನೋಡಿದರೆ ತಂಪು ತುದಿ 23 ಡಿಗ್ರಿ. ಆಗ 0.6 × 19 = 11.4, ತಾಳೆ ಸರಿಹೋಯಿತು, ಸಂಭ್ರಮ ಇಳಿಯಿತು.

ಇನ್ನು ಪ್ರಕ್ಷುಬ್ಧತೆಯ ಮಾದರಿಗಳ, ಅಂದರೆ ಗಾಳಿಯ ಅಡ್ಡಾದಿಡ್ಡಿ ಕಲಕಾಟವನ್ನು ಅಂದಾಜಿಸುವ ಸಮೀಕರಣಗಳ ಮಾತು. ಮೇಲಿನ ಲೆಕ್ಕವೆಲ್ಲ ಕೆ-ಎಪ್ಸಿಲಾನ್ ಮಾದರಿಯದು. ಅದು ಎಲ್ಲ ದಿಕ್ಕುಗಳಲ್ಲೂ ಒಂದೇ ಬಗೆಯ ಪ್ರಕ್ಷುಬ್ಧ ಸ್ನಿಗ್ಧತೆಯನ್ನು ಊಹಿಸಿಕೊಳ್ಳುತ್ತದೆ. ಇಷ್ಟು ಬಿರುಸಾದ ಸುಳಿಯಲ್ಲಿ ಆ ಊಹೆ ನಿಲ್ಲುವುದಿಲ್ಲ, ಸುಳಿ ಬೇಗ ಮಸುಕಾಗುತ್ತದೆ. ಅದೇ ಜಾತಿಯ ಇನ್ನೊಂದು, ಎಸ್‌ಎಸ್‌ಟಿ ಮಾದರಿ, 22 ಡಿಗ್ರಿ ಇಳಿಕೆ ತೋರಿಸಿತು. ಒಂದೊಂದು ದಿಕ್ಕಿನ ಒತ್ತಾಟಕ್ಕೂ ಬೇರೆ ಸಮೀಕರಣ ಬಿಡಿಸುವ ರೆನಾಲ್ಡ್ಸ್ ಸ್ಟ್ರೆಸ್ ಮಾದರಿ ನೇರವಾಗಿ ಹಚ್ಚಿದರೆ ಚದುರಿ ಸಾಯುತ್ತಿತ್ತು. ಕೆ-ಎಪ್ಸಿಲಾನ್ ಉತ್ತರವನ್ನೇ ಆರಂಭವಾಗಿ ಕೊಟ್ಟು, ಹೆಜ್ಜೆಗಳನ್ನು ಸಣ್ಣದು ಮಾಡಿದ ಮೇಲೆ ದಾರಿಗೆ ಬಂತು. ನಾಲ್ಕು ದಿನ ಓಡಬೇಕಾದ ಲೆಕ್ಕ ಮೂರನೆಯ ರಾತ್ರಿ ಕರೆಂಟ್ ಹೋಗಿ ನೆಲಕಚ್ಚಿತು. ಅಂದಿನಿಂದ ಪ್ರತಿ ಐನೂರು ಸುತ್ತಿಗೊಮ್ಮೆ ಉಳಿಸುವಂತೆ ಮಾಡಿದ್ದೇನೆ. ಎರಡನೆಯ ಸಲ ಬಂದ ಉತ್ತರ: 25 ಡಿಗ್ರಿ ಇಳಿಕೆ, 37.5 ಏರಿಕೆ. ತಂಪು ತುದಿಯ ನಡುವಿನಲ್ಲಿ ಒತ್ತಡ ಕಡಿಮೆಯಾಗಿ ಹೊರಗಿನ ಗಾಳಿಯೇ ಒಳಗೆ ಎಳೆಯಲ್ಪಡುವ ಕಾಟವೂ ಒಂದಿತ್ತು. ರಂಧ್ರದ ಮುಂದೆ ದೊಡ್ಡ ಕೋಣೆಯಷ್ಟು ಖಾಲಿ ಜಾಗವನ್ನು ಮಾದರಿಗೆ ಸೇರಿಸಿದ ಮೇಲೆ ಅದು ಹೋಯಿತು.

ಲೇತ್ ಮಿಸ್ತ್ರಿ ಹಿತ್ತಾಳೆಯಲ್ಲಿ ಕೊಳವೆ ಮಾಡಿಕೊಟ್ಟರು. 1.6ರ ರಂಧ್ರವನ್ನು ಓರೆಯಾಗಿ ಕೊರೆಯುವಾಗ ಮೂರು ಡ್ರಿಲ್ ಬಿಟ್ ಮುರಿದವು, ಅವರು ನನ್ನ ನಕಾಶೆಯನ್ನು ಬೈದದ್ದರಲ್ಲಿ ತಪ್ಪಿಲ್ಲ. ಹಚ್ಚಿದ ದಿನ ತಂಪು ತುದಿ 18 ಡಿಗ್ರಿ, ಬಿಸಿ ತುದಿ 74. ಇಳಿಕೆ 24, ಏರಿಕೆ 32. ಬಿಸಿ ತುದಿಯಲ್ಲಿ ರೆನಾಲ್ಡ್ಸ್ ಸ್ಟ್ರೆಸ್ ಮಾದರಿಗಿಂತ ಕೆ-ಎಪ್ಸಿಲಾನ್ ಉತ್ತರವೇ ಹತ್ತಿರ ಎಂದು ಕಂಡಿತು, ಆದರೆ ಅದು ಕಾಕತಾಳೀಯ. ನಾನು ಗಾಳಿಯನ್ನು ಆದರ್ಶ ಅನಿಲ ಎಂದು ಹಿಡಿದಿದ್ದೆ, ಗೋಡೆಯನ್ನು ಶಾಖ ದಾಟದ್ದು ಎಂದು ಹಿಡಿದಿದ್ದೆ. ನಿಜವಾದ ಗಾಳಿ 5 ಬಾರ್ ಇಳಿಯುವಾಗ ಜೂಲ್-ಥಾಮ್ಸನ್ ಪರಿಣಾಮದಿಂದ ತಾನೇ ಸುಮಾರು ಒಂದು ಡಿಗ್ರಿ ತಣಿಯುತ್ತದೆ. ಉಳಿದ ಕೊರತೆಯನ್ನು ಕಾದ ಹಿತ್ತಾಳೆ ಹೊರಗೆ ಚೆಲ್ಲುತ್ತದೆ.

ಪ್ಯಾನೆಲ್ 41 ಡಿಗ್ರಿಗೆ ಇಳಿಯಿತು, ಸಾರ್ಟರ್ ನಿಲ್ಲುವುದು ನಿಂತಿತು. ಕಾಕಾ ಬಿಸಿ ತುದಿಯ ಮುಂದೆ ಕೈ ಹಿಡಿದು, “ತಮ್ಮಾ, ಇದರಲ್ಲಿ ಹಪ್ಪಳ ಒಣಗಿಸಬಹುದು. ಕರೆಂಟ್ ಬಿಲ್ ಎಷ್ಟು ಹೇಳು” ಎಂದರು. ಹೇಳಿದೆ: ನಿಮಿಷಕ್ಕೆ 550 ಲೀಟರ್ ಗಾಳಿ ಬೇಕು, ಅದಕ್ಕೆ ಕಂಪ್ರೆಸರ್ ತಿನ್ನುವುದು ಹೆಚ್ಚುಕಡಿಮೆ ನಾಲ್ಕು ಕಿಲೋವಾಟ್, ಸಿಗುವ ತಂಪು ಸುಮಾರು 140 ವಾಟ್. ಅವರು ಮಾತಾಡಲಿಲ್ಲ. ಥರ್ಮೋಸ್ಟಾಟ್ ಮತ್ತು ಸೋಲೆನಾಯ್ಡ್ ವಾಲ್ವ್ ಹಾಕಿಸಿ, ಪ್ಯಾನೆಲ್ 45 ದಾಟಿದಾಗ ಮಾತ್ರ ಗಾಳಿ ಬಿಡುವಂತೆ ಮಾಡಿದೆ.

ಜುಲೈನಲ್ಲಿ ಗಿರಣಿಯಿಂದ ಫೋನ್ ಬಂತು, ತಂಪು ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ ಎಂದು. ಗಾಳಿಯ ತೇವ ತೆಗೆಯುವ ಕಂಪ್ರೆಸರಿನ ಡ್ರೈಯರ್ ಕೆಟ್ಟಿತ್ತು. ನನ್ನ ಹದಿನಾಲ್ಕು ಲಕ್ಷ ಕೋಶಗಳಲ್ಲಿ ಒಂದರಲ್ಲೂ ತೇವಾಂಶ ಇರಲಿಲ್ಲ. ಡ್ರೈಯರ್ ರಿಪೇರಿಯಾಗುವವರೆಗೆ ಕೊಳವೆಗೆ ಗಾಳಿ ಬಿಡುವ ವಾಲ್ವನ್ನು ಮುಚ್ಚಿಸಿ, ಹಳೆಯ ಫ್ಯಾನಿನ ಜಾಲರಿಯನ್ನು ತೊಳೆದು ಹಾಕಿ ಬಂದೆ.