ಉಪ್ಪುಗಾಳಿಯ ಊರಿನಲ್ಲಿ ಬಲ್ಬು, ಸೂಜಿ, ಬಿಸಿಲು

ಐದರಿಂದ ಏಳನೇ ತರಗತಿಯ ಮಕ್ಕಳಿಗೆ ವಿದ್ಯುತ್ತಿನ ಪಾಠವನ್ನು ಬಾಚಣಿಗೆ ಮತ್ತು ಕಾಗದದ ಚೂರಿನಿಂದ ಶುರು ಮಾಡುವುದು ರೂಢಿ. ಶಾಲೆ ಶುರುವಾಗಿ ಮಳೆ ಹಿಡಿದ ಜೂನ್‌ನಲ್ಲಿ, ಕಾರವಾರದಲ್ಲಿ, ಅದು ನಡೆಯುವುದೇ ಇಲ್ಲ. ಗಾಳಿಯ ತೇವ ಬಾಚಣಿಗೆಯ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆಯಾಗಿ ಕೂರುತ್ತದೆ. ಉಜ್ಜಿದಾಗ ಸೇರಿದ ವಿದ್ಯುದಾವೇಶ ಆ ಪೊರೆಯ ಮೇಲೆಯೇ ಜಾರಿ ಹೋಗುತ್ತದೆ. ಮಕ್ಕಳ ತಲೆಯ ತೆಂಗಿನೆಣ್ಣೆ ಇನ್ನೊಂದು ಅಡ್ಡಿ. ಆದ್ದರಿಂದ ನನ್ನ ಪಾಠದ ಕ್ರಮ ಹವೆಯನ್ನು ನೋಡಿಕೊಂಡು ನಡೆಯುತ್ತದೆ. ಮಳೆಗಾಲಕ್ಕೆ ಸೆಲ್ಲು, ಬಲ್ಬು, ಅಯಸ್ಕಾಂತ. ಮಳೆ ಬಿಟ್ಟ ಮೇಲೆ ಬೆಳಕು. ಬಾಚಣಿಗೆ ಡಿಸೆಂಬರ್–ಜನವರಿಯ ಬೆಳಿಗ್ಗೆಗೆ, ಗಾಳಿ ಘಟ್ಟದ ಕಡೆಯಿಂದ ಬೀಸುವ ಹೊತ್ತಿಗೆ. ಮಧ್ಯಾಹ್ನ ಕಡಲಗಾಳಿ ಎದ್ದರೆ ಮತ್ತೆ ಕೆಡುತ್ತದೆ. ಆಗಲೂ ಬಾಚಣಿಗೆಗಿಂತ ಪ್ಲಾಸ್ಟಿಕ್ ಸ್ಟ್ರಾವನ್ನು ಒಣ ಕಾಗದದಲ್ಲಿ ಹತ್ತು ಸಲ ಎಳೆದರೆ ಫಲ ಖಂಡಿತ. ಕಾಗದದ ಚೂರುಗಳನ್ನು ಮೊದಲೇ ಬಿಸಿಲಿಗೆ ಇಟ್ಟಿರಬೇಕು.

ಮೊದಲ ದಿನ ಪ್ರತಿ ಮಗುವಿಗೂ ಒಂದು ದೊಡ್ಡ ಟಾರ್ಚ್ ಸೆಲ್ಲು, ಒಂದು 2.5 ವೋಲ್ಟಿನ ಟಾರ್ಚ್ ಬಲ್ಬು, ಒಂದು ಗೇಣಿನ ಒಂದೇ ಒಂದು ವೈರು ಕೊಡುತ್ತೇನೆ. ಹೋಲ್ಡರ್ ಇಲ್ಲ, ಸ್ವಿಚ್ ಇಲ್ಲ. ಬಲ್ಬು ಹೊತ್ತಿಸಬೇಕು, ಅಷ್ಟೇ. ಹೆಚ್ಚಿನವರು ವೈರಿನ ಒಂದು ತುದಿಯನ್ನು ಸೆಲ್ಲಿನ ಮೂಗಿಗೆ, ಇನ್ನೊಂದನ್ನು ಬಲ್ಬಿನ ತಳದ ಬೊಟ್ಟಿಗೆ ಮುಟ್ಟಿಸಿ ಕಾಯುತ್ತಾರೆ. ಮನೆಯ ಫ್ಯಾನಿಗೆ, ಮಿಕ್ಸಿಗೆ ಹೋಗುವುದು ಒಂದೇ ವೈರಿನಂತೆ ಕಾಣುವುದರಿಂದ ಕರೆಂಟು ನಲ್ಲಿಯ ನೀರಿನ ಹಾಗೆ ಹೋಗಿ ಅಲ್ಲೇ ಮುಗಿಯುತ್ತದೆ ಎಂಬ ಕಲ್ಪನೆ ಮನಸ್ಸಿನಲ್ಲಿ ಕೂತಿರುತ್ತದೆ. ಹಳೆಯ ಮಿಕ್ಸಿಯ ವೈರಿನ ತುಂಡೊಂದನ್ನು ಸೀಳಿ, ಒಳಗೆ ಒಂದಕ್ಕಿಂತ ಹೆಚ್ಚು ಎಳೆಗಳಿರುವುದನ್ನು ತೋರಿಸುವುದು ಇದಕ್ಕೆ ಮದ್ದು. ಬಲ್ಬಿಗೆ ಎರಡು ಬಾಗಿಲು: ತಳದ ಬೊಟ್ಟು, ಪಕ್ಕದ ಲೋಹದ ಮೈ. ಒಂದರಿಂದ ಒಳಗೆ, ಇನ್ನೊಂದರಿಂದ ಹೊರಗೆ. ಬಲ್ಬಿನ ಬೊಟ್ಟನ್ನೇ ಸೆಲ್ಲಿನ ಮೂಗಿನ ಮೇಲೆ ಕೂರಿಸಿ, ವೈರಿನಿಂದ ಸೆಲ್ಲಿನ ತಳವನ್ನೂ ಬಲ್ಬಿನ ಪಕ್ಕವನ್ನೂ ಸೇರಿಸಿದರೆ ದೀಪ ಹೊತ್ತುತ್ತದೆ. ಒಂದೇ ಸೆಲ್ಲಿಗೆ ಬೆಳಕು ಮಂದ, ಆದರೆ ಮಳೆಗಾಲದ ಕತ್ತಲ ಕೋಣೆಗೆ ಅಷ್ಟು ಸಾಕು. ಇಪ್ಪತ್ತು ನಿಮಿಷ ಹಿಡಿದರೂ ಪರವಾಗಿಲ್ಲ, ಮಾಸ್ತರು–ಅಕ್ಕೋರು ಕೈ ಹಾಕಬಾರದು.

ಸರಿಯಾಗಿ ಜೋಡಿಸಿಯೂ ಹೊತ್ತದಿದ್ದರೆ ತಪ್ಪು ಮಗುವಿನದಲ್ಲ, ಉಪ್ಪುಗಾಳಿಯದು. ನಮ್ಮಲ್ಲಿ ಹೋಲ್ಡರಿನ ಸ್ಪ್ರಿಂಗ್ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ತಾಮ್ರದ ತುದಿಗೆ ಹಸಿರು ಕಿಲುಬು ಬರುತ್ತದೆ. ತುಕ್ಕಾಗಲಿ ಕಿಲುಬಾಗಲಿ ಕರೆಂಟನ್ನು ಬಿಡುವುದಿಲ್ಲ. ನಾನು ಹೋಲ್ಡರನ್ನೇ ಬಿಟ್ಟು, ಹಳೆಯ ಸೈಕಲ್ ಟ್ಯೂಬಿನಿಂದ ಒಂದು ಇಂಚು ಅಗಲದ ಬಳೆ ಕತ್ತರಿಸಿ ಸೆಲ್ಲಿನ ಉದ್ದಕ್ಕೆ ಬಿಗಿಯಾಗಿ ಹಾಕುತ್ತೇನೆ. ಅದರಡಿ ವೈರಿನ ತುದಿ ತೂರಿಸಿದರೆ ಒತ್ತಿ ಹಿಡಿಯುತ್ತದೆ. ಪಾಠಕ್ಕೆ ಮೊದಲು ಎಲ್ಲ ತುದಿಗಳಿಗೂ ಪಾಲಿಶ್ ಪೇಪರ್ ತಿಕ್ಕಬೇಕು. ಸೆಲ್ಲುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹುರಿದು ಆರಿಸಿದ ಅಕ್ಕಿಯ ಬಟ್ಟೆಗಂಟಿನ ಜೊತೆ ಇಟ್ಟರೆ ತೇವ ಹಿಡಿಯದು.

ಎರಡನೇ ದಿನ ಎರಡು ಸೆಲ್ಲು, ಸಾಲಾಗಿ ಎರಡು ಬಲ್ಬು. ಹೊತ್ತಿಸುವ ಮೊದಲೇ ಕೇಳುತ್ತೇನೆ: ಯಾವುದು ಹೆಚ್ಚು ಬೆಳಗುತ್ತದೆ? ಮುಂದಿನ ಬಲ್ಬು ಕರೆಂಟು ತಿಂದು ಹಿಂದಿನದಕ್ಕೆ ಕಡಿಮೆ ಉಳಿಯುತ್ತದೆ ಎನ್ನುವವರೇ ಬಹಳ. ಎರಡೂ ಒಂದೇ ಸಮ ಬೆಳಗುತ್ತವೆ. ಇಲ್ಲೊಂದು ಎಚ್ಚರ: ಎರಡು ಬಲ್ಬು ಒಂದೇ ಪ್ಯಾಕೆಟ್ಟಿನವಾಗಿರಬೇಕು. 0.2 ಮತ್ತು 0.3 ಆಂಪಿಯರಿನವು ಬೆರೆತರೆ ಒಂದು ಮಂದವಾಗಿ, ಮಕ್ಕಳ ತಪ್ಪು ಕಲ್ಪನೆಯೇ ಗಟ್ಟಿಯಾಗುತ್ತದೆ. ಅನುಮಾನ ಬಂದರೆ ಬಲ್ಬುಗಳ ಜಾಗ ಅದಲುಬದಲು ಮಾಡಿಸಿ. ಮಂದ ಬಲ್ಬು ಎಲ್ಲಿಟ್ಟರೂ ಮಂದವಾಗಿಯೇ ಇದ್ದರೆ ವ್ಯತ್ಯಾಸ ಬಲ್ಬಿನದು.

ಕಡಲೂರಿನ ಮಕ್ಕಳಿಗೆ ನಾನು ತಪ್ಪದೆ ಮಾಡಿಸುವುದು ನೀರಿನ ಪರೀಕ್ಷೆ. ನಾಲ್ಕು ಸೆಲ್ಲು, ಒಂದು ಕೆಂಪು ಎಲ್‌ಇಡಿ, ಅದಕ್ಕೆ ಸಾಲಾಗಿ 220 ಓಮಿನ ರೆಸಿಸ್ಟರ್ (ಕೆಂಪು, ಕೆಂಪು, ಕಂದು ಪಟ್ಟಿ). ಎರಡೂ ಕಡೆ ಚೂಪು ಮಾಡಿದ ಎರಡು ಪೆನ್ಸಿಲ್‌ಗಳೇ ಕಡ್ಡಿಗಳು. ಮೇಲಿನ ಸೀಸಕ್ಕೆ ವೈರು, ಕೆಳಗಿನದು ನೀರಿಗೆ, ನಡುವೆ ಎರಡು ಸೆಂಟಿಮೀಟರ್ ಅಂತರ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ ಇರಲಿ, ತಿರುಗಿಸಿದರೆ ಹೊತ್ತುವುದಿಲ್ಲ. ಮೊದಲು ಪೆನ್ಸಿಲ್ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ ಹೊತ್ತುವುದನ್ನು ಖಾತ್ರಿ ಮಾಡಿಕೊಳ್ಳಬೇಕು. ಕಡಲ ನೀರಿಗೆ ಎಲ್‌ಇಡಿ ಚೆನ್ನಾಗಿ ಹೊತ್ತುತ್ತದೆ. ಘಟ್ಟದ ಮೇಲಿನ ಸಿಹಿನೀರ ಬಾವಿಯದಕ್ಕೆ ಹೊತ್ತುವುದಿಲ್ಲ, ಅಥವಾ ಕೈ ಮರೆಮಾಡಿ ನೋಡಿದರೆ ಮಿಣುಕು. ಸಕ್ಕರೆ ನೀರಿಗೂ ಇಲ್ಲ. ಲೀಟರ್ ನೀರಿಗೆ 35 ಗ್ರಾಂ ಸಾಣಿಕಟ್ಟಾ ಉಪ್ಪು ಕರಗಿಸಿದರೆ ಕಡಲ ನೀರಿನ ಆಸುಪಾಸಿಗೆ ಬರುತ್ತದೆ. ಅದನ್ನು ಚಮಚ ಚಮಚವಾಗಿ ಹಾಕುತ್ತ ಬೆಳಕು ಏರುವುದನ್ನು ನೋಡುವಾಗ ಯಾವ ಮಗುವೂ ಅತ್ತಿತ್ತ ನೋಡುವುದಿಲ್ಲ. ಕಾಳಿ ಹೊಳೆಯ ಬಾಯಿಯ ನೀರನ್ನು ಜುಲೈನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಬಾಟಲಿಯಲ್ಲಿ ತರಿಸಿ ಹೋಲಿಸಬಹುದು; ಮಳೆಗಾಲದಲ್ಲಿ ಸಿಹಿನೀರು ಕಡಲನ್ನು ಹಿಂದೆ ತಳ್ಳಿರುತ್ತದೆ. ನೀರು ತರುವುದು ದೊಡ್ಡವರ ಕೆಲಸ. ತಾಮ್ರದ ತಂತಿಯನ್ನೇ ಅದ್ದಿದರೆ ಅದು ಕರಗಿ ನೀರು ಹಸಿರಾಗುತ್ತದೆ, ಅದಕ್ಕೇ ಪೆನ್ಸಿಲ್. ಉಪ್ಪುನೀರಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಪ್ಲಸ್ ಕಡ್ಡಿಯಲ್ಲಿ ಕ್ಲೋರಿನ್ ವಾಸನೆ ಬರುವುದರಿಂದ ಹತ್ತು ಸೆಕೆಂಡಿಗೆ ತೆಗೆಯಬೇಕು, ಕಿಟಕಿ ತೆರೆದಿರಬೇಕು. ಒದ್ದೆ ಕೈಯಲ್ಲಿ ಸ್ವಿಚ್ ಏಕೆ ಮುಟ್ಟಬಾರದು ಎಂಬುದಕ್ಕೆ ಉತ್ತರ ಇಲ್ಲೇ ಇದೆ: ಬೆವರಲ್ಲೂ ಉಪ್ಪಿದೆ. ಮನೆಯ 230 ವೋಲ್ಟಿನ ಪ್ಲಗ್ಗಿನಲ್ಲಿ ಯಾವ ಪ್ರಯೋಗವೂ ಬೇಡ ಎಂದು ಅದೇ ಹೊತ್ತಿಗೆ ಗಟ್ಟಿಯಾಗಿ ಹೇಳುತ್ತೇನೆ.

ಅಯಸ್ಕಾಂತಕ್ಕೆ ಬೇಕಾದ ಕಬ್ಬಿಣದ ಪುಡಿ ಕಡಲ ದಂಡೆಯಲ್ಲೇ ಸಿಗುತ್ತದೆ. ಅಲೆ ಹಿಂದೆ ಸರಿದಾಗ ಮರಳಿನಲ್ಲಿ ಉಳಿಯುವ ಕಪ್ಪು ಗೆರೆಗಳನ್ನು ಒಣಗಿಸಿ, ಪ್ಲಾಸ್ಟಿಕ್ ಚೀಲದೊಳಗೆ ಇಟ್ಟ ಅಯಸ್ಕಾಂತವನ್ನು ಆಡಿಸಿದರೆ ಮ್ಯಾಗ್ನೆಟೈಟ್ ಕಣಗಳು ಅಂಟಿ ಬರುತ್ತವೆ. ಚೀಲ ಇಲ್ಲದೆ ಮುಟ್ಟಿಸಿದರೆ ಅಯಸ್ಕಾಂತದಿಂದ ಕಣ ಬಿಡಿಸುವುದರಲ್ಲೇ ತರಗತಿ ಮುಗಿಯುತ್ತದೆ. ಕೆಂಪು ಚಿರೆಕಲ್ಲಿನಲ್ಲೂ ಕಬ್ಬಿಣ ಇದೆಯಲ್ಲ, ಅದೇಕೆ ಅಂಟುವುದಿಲ್ಲ ಎಂದು ಕೇಳುವ ಮಗು ಒಂದಾದರೂ ಇರುತ್ತದೆ. ಅಲ್ಲಿರುವುದು ತುಕ್ಕಿನ ರೂಪದ ಕಬ್ಬಿಣ. ತುಕ್ಕಿನ ಪುಡಿಯನ್ನೂ ಅಯಸ್ಕಾಂತ ಎಳೆಯುವುದು ಕಾಣುವುದಿಲ್ಲ.

ದಿಕ್ಸೂಚಿಗೆ ಹೊಲಿಗೆ ಸೂಜಿಯನ್ನು ಅಯಸ್ಕಾಂತದ ಒಂದೇ ತುದಿಯಿಂದ, ಒಂದೇ ದಿಕ್ಕಿಗೆ, ನಲವತ್ತು ಸಲ ತೀಡಬೇಕು. ವಾಪಸು ಬರುವಾಗ ಅಯಸ್ಕಾಂತವನ್ನು ಮೇಲೆತ್ತದೆ ಹಿಂದೆಮುಂದೆ ಉಜ್ಜಿದರೆ ಕಟ್ಟಿದ್ದೆಲ್ಲ ಅಳಿಯುತ್ತದೆ. ಥರ್ಮೋಕೋಲಿನ ಚೂರಿನ ಮೇಲಿಟ್ಟು ತೆಂಗಿನ ಗರಟೆಯ ನೀರಿನಲ್ಲಿ ತೇಲಿಸಿದರೆ ನಿಧಾನ ತಿರುಗಿ ನಿಲ್ಲುತ್ತದೆ. ಕಬ್ಬಿಣದ ಕಾಲಿನ ಮೇಜು ಬೇಡ. ಸರಿ ಇದೆಯೇ ಎಂದು ನೋಡಲು ನಮಗೆ ಕಡಲೇ ಸಾಕ್ಷಿ: ಕಡಲು ಪಡುವಣಕ್ಕೆ, ಅದಕ್ಕೆ ಮುಖ ಮಾಡಿ ನಿಂತರೆ ಬಲಗೈ ಬಡಗಣಕ್ಕೆ.

ಆಮೇಲೆ ಅದೇ ಸೂಜಿಯ ಮೇಲೆ ಕರೆಂಟಿನ ತಂತಿ. ಡೆನ್ಮಾರ್ಕಿನ ವಿಜ್ಞಾನಿ ಹ್ಯಾನ್ಸ್ ಕ್ರಿಶ್ಚಿಯನ್ ಅರ್‌ಸ್ಟೆಡ್ 1820ರಲ್ಲಿ ಕಂಡದ್ದು ಇದನ್ನೇ. ತಂತಿ ಸೂಜಿಯ ಉದ್ದಕ್ಕೇ, ಅಂದರೆ ಉತ್ತರ–ದಕ್ಷಿಣಕ್ಕೆ, ಒಂದು ಬೆರಳು ಎತ್ತರದಲ್ಲಿ ಇರಬೇಕು. ಅಡ್ಡ ಇಟ್ಟು ‘ಸೂಜಿ ಅಲುಗುತ್ತಲೇ ಇಲ್ಲ’ ಎನ್ನುವವರೇ ಹೆಚ್ಚು. ತಂತಿಯ ಕಾಂತಬಲ ತಂತಿಗೆ ಅಡ್ಡವಾಗಿ ಎಳೆಯುತ್ತದೆ, ಆದ್ದರಿಂದ ತಂತಿಯೇ ಅಡ್ಡ ಇದ್ದರೆ ಸೂಜಿಗೆ ತಿರುಗುವ ಕಾರಣವೇ ಇಲ್ಲ. ಸೆಲ್ಲನ್ನು ತಿರುಗಿಸಿದರೆ ಸೂಜಿ ಇನ್ನೊಂದು ಬದಿಗೆ ಸರಿಯುತ್ತದೆ. ತಂತಿಯನ್ನು ಎರಡು ಸೆಕೆಂಡಿಗಿಂತ ಹೆಚ್ಚು ಮುಟ್ಟಿಸಬಾರದು.

ವಿದ್ಯುತ್ಕಾಂತಕ್ಕೆ ಮೂರು ಇಂಚಿನ ಕಬ್ಬಿಣದ ಮೊಳೆ, ಎರಡೂವರೆ ಮೀಟರ್ 26 ಗೇಜಿನ ವೈಂಡಿಂಗ್ ತಂತಿ. ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿದರೆ ಉಳಿಕೆ ತುಂಡು ಸಿಗುತ್ತದೆ. ಒಂದೇ ದಿಕ್ಕಿಗೆ ನೂರು ಸುತ್ತು. ಅರ್ಧಕ್ಕೆ ದಿಕ್ಕು ಬದಲಾದರೆ ಒಂದರ ಬಲವನ್ನು ಇನ್ನೊಂದು ಅಳಿಸುತ್ತದೆ. ಈ ತಂತಿ ತಾಮ್ರದ ಬಣ್ಣಕ್ಕೇ ಇದ್ದರೂ ಮೇಲೆ ಕರೆಂಟು ಬಿಡದ ಲೇಪ ಇದೆ. ಎರಡೂ ತುದಿಯಲ್ಲಿ ಎರಡು ಸೆಂಟಿಮೀಟರ್ ಸುತ್ತಲೂ ಬ್ಲೇಡಿನಿಂದ ಕೆರೆದು ಹೊಳಪು ಕಾಣಿಸಬೇಕು. ಕೆಲಸ ಮಾಡದ ಹತ್ತು ವಿದ್ಯುತ್ಕಾಂತಗಳಲ್ಲಿ ಒಂಬತ್ತಕ್ಕೆ ಇದೇ ಕಾಯಿಲೆ. ಐವತ್ತು ಸುತ್ತಿಗೆ ಎಷ್ಟು ಗುಂಡುಪಿನ್ನು, ನೂರಕ್ಕೆ ಎಷ್ಟು ಎಂದು ಎಣಿಸಿ ಬರೆಸುತ್ತೇನೆ. ಐದು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕೈ ಸುಡುತ್ತದೆ, ಸೆಲ್ಲೂ ಸೋಲುತ್ತದೆ. ಇದರ ತಿರುವುಮುರುವೂ ನಿಜ: ಸುರುಳಿಯ ಬಳಿ ಅಯಸ್ಕಾಂತ ಆಡಿಸಿದರೆ ಕರೆಂಟು ಹುಟ್ಟುತ್ತದೆ. ಕದ್ರಾ ಅಣೆಕಟ್ಟಿನ ಬುಡದಲ್ಲೂ, 220 ಮೆಗಾವಾಟಿನ ನಾಲ್ಕು ಘಟಕಗಳ ಕೈಗಾ ಅಣುಸ್ಥಾವರದಲ್ಲೂ ಕೊನೆಗೆ ನಡೆಯುವುದು ಅದೇ. ಒಂದು ಕಡೆ ತಿರುಗಿಸುವುದು ನೀರು, ಇನ್ನೊಂದು ಕಡೆ ಉಗಿ. ಅಣುವಿನಿಂದ ಕರೆಂಟು ನೇರ ಬರುತ್ತದೆ ಎಂದು ನಂಬಿದ ಕಾರವಾರದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಬೆಳಕಿಗೆ ಸಿರ್ಸಿ ಕಡೆಯ ಅಡಿಕೆ ತೋಟಕ್ಕಿಂತ ಒಳ್ಳೆಯ ಪ್ರಯೋಗಶಾಲೆ ನನಗೆ ಗೊತ್ತಿಲ್ಲ. ಮೋಡವಿಲ್ಲದ ದಿನ ನೆಲದ ಮೇಲೆ ಬಿದ್ದ ಬಿಸಿಲ ಚುಕ್ಕೆಗಳನ್ನು ನೋಡಿ. ಹೆಡೆಗಳ, ಅಂದರೆ ಅಡಿಕೆ ಗರಿಗಳ, ನಡುವಿನ ಸಂದು ಮೂಲೆಮೂಲೆಯಾಗಿದ್ದರೂ ಚುಕ್ಕೆ ಗುಂಡಗೆ ಇರುತ್ತದೆ. ಪ್ರತಿ ಚುಕ್ಕೆಯೂ ಸೂರ್ಯನ ಚಿತ್ರ, ಸಂದು ಸೂಜಿರಂಧ್ರ. 2019ರ ಡಿಸೆಂಬರ್ 26ರ ಗ್ರಹಣದ ದಿನ ಇಂಥ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು. ಬೆಳಕು ನೆಟ್ಟಗೆ ಚಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಚುಕ್ಕೆಯ ಅಗಲ, ಸಂದಿನಿಂದ ಅದಕ್ಕಿರುವ ದೂರದ 108ರಲ್ಲಿ ಒಂದು ಪಾಲು. 11 ಸೆಂಟಿಮೀಟರ್ ಚುಕ್ಕೆ ಸಿಕ್ಕರೆ ಸಂದು ಸುಮಾರು 12 ಮೀಟರ್ ದೂರ. ಸಂದು ದೊಡ್ಡದಾದರೆ ಈ ಲೆಕ್ಕ ಕೆಡುತ್ತದೆ, ಆದ್ದರಿಂದ ಅಂಚು ಸ್ಪಷ್ಟವಾದ, ಮಂದ ಚುಕ್ಕೆಯನ್ನೇ ಆರಿಸಬೇಕು. ಚಳಿಗಾಲದಲ್ಲಿ ನಡುಮಧ್ಯಾಹ್ನವೂ ಬಿಸಿಲು ಓರೆಯಾಗಿರುವುದರಿಂದ ನೆಲದ ಮೇಲಿನ ಚುಕ್ಕೆ ಮೊಟ್ಟೆಯಂತೆ ಉದ್ದವಾಗಿರುತ್ತದೆ. ಬಿಳಿ ರಟ್ಟನ್ನು ಅದು ಗುಂಡಗಾಗುವವರೆಗೆ ವಾಲಿಸಿ ಹಿಡಿದು ಅಳೆಯಬೇಕು. ಆಗ ಸಿಗುವುದು ಮರದ ಎತ್ತರವಲ್ಲ, ಬಿಸಿಲು ಸಂದಿನಿಂದ ಓರೆಯಾಗಿ ಇಳಿದು ಬಂದ ದೂರ. ಚುಕ್ಕೆಯಿಂದ ಮೇಲೆ ಸಂದಿನತ್ತ ಕಣ್ಣಿಟ್ಟು ನೋಡುವುದನ್ನು ಮಾತ್ರ ಯಾರಿಗೂ ಬಿಡಬೇಡಿ, ಅಲ್ಲಿರುವುದು ಬರಿಯ ಸೂರ್ಯ.