ಕೆಂಪುಕಲ್ಲಿನ ಕೋರೆ ಮುಚ್ಚಿ ಠೇವಣಿ ಬಿಡಿಸಿಕೊಂಡ ಬಗೆ

ಕೋರೆಗೆಂದು ಕಟ್ಟಿದ ಠೇವಣಿ ಕೈಗೆ ಬರುವುದು, ಅಗೆದ ಜಾಗವನ್ನು ಷರತ್ತಿನಂತೆ ಸರಿಪಡಿಸಿ ತೋರಿಸಿದ ಮೇಲೆ. ನಮ್ಮದು ಉಡುಪಿ ಕಡೆಯ ಗುಡ್ಡದಲ್ಲಿ ಕಲ್ಲು ತೆಗೆದು ಮುಗಿದ ಒಂದು ಎಕರೆ ಹೊಂಡ, ಸರಾಸರಿ 12 ಅಡಿ ಆಳ. ಮೊದಲಿನ ಮಟ್ಟಕ್ಕೆ ತುಂಬುತ್ತೇವೆಂದು ಹೊರಟರೆ ಸುಮಾರು 5,22,000 ಘನ ಅಡಿ ಮಣ್ಣು ಬೇಕು. 200 ಘನ ಅಡಿಯ ಟಿಪ್ಪರಿನಲ್ಲಿ 2,600 ಲೋಡು! ಅಷ್ಟು ಮಣ್ಣಿಗೆ ಇನ್ನೊಂದು ಗುಡ್ಡವನ್ನೇ ಅಗೆಯಬೇಕು. ಹಾಗಾಗಿ ತಗ್ಗನ್ನು ತಗ್ಗಾಗಿಯೇ ಇಟ್ಟು, ಗೋಡೆಗಳನ್ನು ಇಳಿಜಾರು ಮಾಡಿ, ತಳದಲ್ಲಿ ಗೇರು ನೆಟ್ಟು, ಒಂದು ಮೂಲೆಯನ್ನು ನೀರಿಗೆ ಬಿಟ್ಟೆವು. ಆದರೆ ಇದನ್ನು ಕೆಲಸಕ್ಕೆ ಮೊದಲೇ ಕೋರೆ ಮುಚ್ಚುವ ಯೋಜನೆಯಲ್ಲಿ ಬರೆಸಿಕೊಳ್ಳಬೇಕು. ಷರತ್ತಿನಲ್ಲಿ ‘ಪೂರ್ತಿ ಭರ್ತಿ’ ಎಂದಿದ್ದರೆ ತಪಾಸಣೆಗೆ ಬಂದವರು ನೋಡುವುದು ಆ ಸಾಲನ್ನೇ, ನಿಮ್ಮ ಗಿಡಗಳನ್ನಲ್ಲ.

ಗೋಡೆಯ ಲೆಕ್ಕ ಹೀಗೆ. 12 ಅಡಿ ನೆಟ್ಟಗಿನ ಗೋಡೆಯ ಮೇಲಿನ ಅರ್ಧವನ್ನು ಕಡಿದು ಕೆಳಗಿನ ಅರ್ಧಕ್ಕೆ ಒರಗಿಸಿದರೆ ಒಂದಕ್ಕೆ ಎರಡರ (ಒಂದಡಿ ಎತ್ತರಕ್ಕೆ ಎರಡಡಿ ಅಡ್ಡ) ಇಳಿಜಾರು ಸಿಗುತ್ತದೆ. ಪ್ರತಿ ಅಡಿ ಉದ್ದಕ್ಕೆ 36 ಘನ ಅಡಿ ಕಡಿತ, ಅಷ್ಟೇ ಭರ್ತಿ. ಹೊರಗಿನಿಂದ ಒಂದು ಲೋಡೂ ತರಬೇಕಾಗಿಲ್ಲ. ಇದಕ್ಕೆ ಅಂಚಿನಿಂದ ಹಿಂದಕ್ಕೆ 12 ಅಡಿ ಸ್ವಂತ ಜಾಗ ಬೇಕು. ಗಡಿಕಲ್ಲು ಹತ್ತಿರವಿದ್ದ ಪೂರ್ವದ ಬದಿಯಲ್ಲಿ ಕಡಿಯುವ ಹಾಗಿರಲಿಲ್ಲ, ಅಲ್ಲಿಗೆ ಕೋರೆಯೊಳಗಿನ ಕಲ್ಲಿನ ಚೂರು, ಪುಡಿಯನ್ನೆಲ್ಲ ಒಟ್ಟಿದೆವು. ಒಂದೊಂದು ಅಡಿ ಹಾಸಿ, ನೀರು ಚಿಮುಕಿಸಿ, ರೋಲರ್ ಓಡಿಸಬೇಕು. ಒಮ್ಮೆಗೇ ಸುರಿದರೆ ಹಳೆ ಗೋಡೆ ಮತ್ತು ಹೊಸ ಭರ್ತಿ ಸೇರುವಲ್ಲಿ ಬಿರುಕು ಬಿಟ್ಟು, ಮಳೆನೀರು ಅದರೊಳಗಿಳಿದು ಸುರಂಗ ಕೊರೆಯುತ್ತದೆ. ಗೋಡೆಗೆ ಮೊದಲೇ ಅಲ್ಲಲ್ಲಿ ಮೆಟ್ಟಿಲು ಕಡಿದಿಟ್ಟರೆ ಭರ್ತಿ ಕಚ್ಚಿಕೊಳ್ಳುತ್ತದೆ.

ನಿಜವಾದ ತಲೆನೋವು ಶೇಡಿ. ಕಲ್ಲಿನ ಪದರ ಮುಗಿದಲ್ಲಿ ಬಿಳಿ, ನಸುಗೆಂಪು ಬಣ್ಣದ ಈ ಮಣ್ಣು ಸಿಗುತ್ತದೆ. ಒಣಗಿದ್ದಾಗ ಬೆರಳಲ್ಲಿ ಉಜ್ಜಿದರೆ ಪೌಡರಿನಂತೆ ನಯ, ಒದ್ದೆಯಾದರೆ ಸೋಪಿನಂತೆ ಜಾರುತ್ತದೆ. ಮೇಲಿನ ಕೆಂಪುಕಲ್ಲು ಬಿಸಿಲಿಗೆ ಗಟ್ಟಿಯಾಗಿ ವರ್ಷಗಟ್ಟಲೆ ನೆಟ್ಟಗೆ ನಿಲ್ಲಬಹುದು. ಬುಡದ ಶೇಡಿ ನೀರು ಕುಡಿದು ಕರಗಿತೆಂದರೆ ಮೇಲಿನದು ಚಪ್ಪಡಿ ಚಪ್ಪಡಿಯಾಗಿ ಕೆಳಗೆ ಬರುತ್ತದೆ. ಅದಕ್ಕೇ ಶೇಡಿ ಕಾಣಿಸಿದಲ್ಲೆಲ್ಲ ಮೊದಲು ಕಲ್ಲಿನ ಚೂರು ಒರಗಿಸಿ ಮುಚ್ಚಿ, ಮೇಲೆ ಮಣ್ಣು ಹಾಕಿ, ತೆಂಗಿನ ನಾರಿನ ಬಲೆ ಹಾಸಿ, ಬಿದಿರಿನ ಗೂಟ ಹೊಡೆದು, ಅಡ್ಡಸಾಲಿನಲ್ಲಿ ಅರ್ಧ ಅಡಿಗೊಂದರಂತೆ ಲಾವಂಚ ನೆಟ್ಟೆವು. ಬಲೆಯ ಒಂದು ತುಂಡು ಇನ್ನೊಂದರ ಮೇಲೆ ಅರ್ಧ ಅಡಿ ಹತ್ತಬೇಕು. ಮೇಲಂಚನ್ನು ಒಂದಡಿಯ ಕಣಿಯಲ್ಲಿ ಹೂಳದಿದ್ದರೆ ನೀರು ಬಲೆಯ ಅಡಿಯಲ್ಲೇ ದಾರಿ ಮಾಡಿಕೊಳ್ಳುತ್ತದೆ. ಶೇಡಿಯನ್ನು ಮೇಲ್ಮಣ್ಣಿಗೆ ಬೆರೆಸಲೇಬೇಡಿ. ಬೆರೆತರೆ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಹೆಂಚು.

ಯಂತ್ರ ಕೊಯ್ದ ತಳ ಸಿಮೆಂಟು ಅಂಗಳದ ಹಾಗಿರುತ್ತದೆ. ಹಿಟಾಚಿಗೆ ರಿಪ್ಪರ್ ಹಲ್ಲು ಹಾಕಿಸಿ, ಮೂರಡಿಗೊಂದು ಸಾಲಿನಂತೆ ಎರಡಡಿ ಆಳಕ್ಕೆ, ಇಳಿಜಾರಿಗೆ ಅಡ್ಡವಾಗಿ ಸೀಳಿಸಿದೆವು. ಅದರ ಮೇಲೆ ಒಂದಡಿ ಮೇಲ್ಮಣ್ಣು. ಇಡೀ ಎಕರೆಗಾದರೆ 218 ಲೋಡು. ಇದರ ಮೇಲೆ ಮಾತ್ರ ರೋಲರ್ ಹೋಗಬಾರದು. ಒಂದಡಿ ಗುಂಡಿ ತೆಗೆದು ಸಂಜೆ ನೀರು ತುಂಬಿಸಿಡಿ. ಬೆಳಿಗ್ಗೆಯೂ ನೀರು ನಿಂತಿದ್ದರೆ ಇನ್ನೊಮ್ಮೆ ಸೀಳಬೇಕು.

ಮಣ್ಣಿನ ಕೆಲಸವೆಲ್ಲ ಏಪ್ರಿಲ್ ಒಳಗೆ ಮುಗಿಯಬೇಕು, ತೀರಾ ತಡವೆಂದರೆ ಪತ್ತನಾಜೆ (ಮೇ 24ರ ಆಸುಪಾಸಿನ ತುಳುನಾಡಿನ ಆಚರಣೆ). ಆಮೇಲೆ ಸುರಿದ ಸಡಿಲ ಮಣ್ಣು ಕೆಳಗಿನವರ ಗದ್ದೆಗೆ ಹೋಗುತ್ತದೆ, ಅದರ ಹಿಂದೆಯೇ ದೂರು, ಠೇವಣಿಗೆ ತಡೆ. ವರ್ಷಕ್ಕೆ 4,000 ಮಿ.ಮೀ. ಮಳೆ ಹಿಡಿದರೆ ಒಂದು ಎಕರೆಗೆ ಬೀಳುವುದು 1.6 ಕೋಟಿ ಲೀಟರ್. ಮೇಲ್ಬದಿಯ ನೀರು ಒಳಗೆ ಬಾರದಂತೆ ಸುತ್ತ ಅಗಳು ತೆಗೆದು ತೋಡಿಗೆ ತಿರುಗಿಸಿ, ಒಳಗಿನ ನೀರನ್ನು ಮೂಲೆಯ ಹೊಂಡಕ್ಕೆ ಬಿಟ್ಟೆವು. ಹೊಂಡದ ಹೊರದಾರಿಗೆ ಕಲ್ಲು ಕಟ್ಟಿಸಲೇಬೇಕು.

ನೆಡುವುದು ಸುಲಭದ ಭಾಗ. 25 ಅಡಿ ಅಂತರ, ಮೂರಡಿ ಗುಂಡಿ, ಬುಟ್ಟಿ ತುಂಬ ಹಟ್ಟಿಗೊಬ್ಬರ, 200 ಗ್ರಾಂ ಶಿಲಾರಂಜಕ (ರಾಕ್ ಫಾಸ್ಫೇಟ್), ಉಳ್ಳಾಲ ಅಥವಾ ಪುತ್ತೂರಿನ ಕಸಿ ಗೇರು. ನಡುವೆ ಹಸಿರು ಗೊಬ್ಬರಕ್ಕೆ ಸೆಣಬು. ಇಳಿಜಾರಿಗೆ ಪುನರ್ಪುಳಿ, ನೇರಳೆ. ಬೇಗ ಹಸಿರು ಕಾಣಲೆಂದು ಅಕೇಶಿಯಾ ಹಾಕುವವರಿದ್ದಾರೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ, ಅದರಡಿ ಬೇರೆ ಗಿಡ ಏಳುವುದು ಕಡಿಮೆ.

ಠೇವಣಿಯ ವಿಷಯದಲ್ಲಿ ಕಲ್ಲಿದ್ದಲು ಗಣಿಯವರ ಕ್ರಮ ನೋಡಿ ಕಲಿತದ್ದಿದೆ. ಅಮೆರಿಕದ 1977ರ ಕಾಯ್ದೆಯಲ್ಲಿ ಭರ್ತಿ, ಇಳಿಜಾರು, ನೀರಿನ ದಾರಿ ಮುಗಿದರೆ ಶೇ. 60ರವರೆಗೆ ವಾಪಸು, ಹಸಿರು ಹಿಡಿದ ಮೇಲೆ ಇನ್ನಷ್ಟು. ವರ್ಷಕ್ಕೆ 26 ಇಂಚಿಗಿಂತ ಹೆಚ್ಚು ಮಳೆಯ ಊರಾದರೆ 5 ವರ್ಷ, ಕಡಿಮೆಯಾದರೆ 10 ವರ್ಷ ಕಾದು ಉಳಿದದ್ದು. (26 ಇಂಚು ನಮ್ಮಲ್ಲಿ ಜೂನ್ ತಿಂಗಳೊಂದರಲ್ಲೇ ಬೀಳುತ್ತದೆ.) ನಮ್ಮ ದೇಶದ ಕಲ್ಲಿದ್ದಲು ಗಣಿಗಳಿಗೆ 2013ರ ಮಾರ್ಗಸೂಚಿಯಲ್ಲಿ ಇದ್ದದ್ದು ಎಸ್ಕ್ರೋ ಖಾತೆ (ಷರತ್ತು ಪೂರೈಸಿದ ಮೇಲಷ್ಟೇ ಹಣ ಬಿಡುವ ಬ್ಯಾಂಕ್ ಖಾತೆ), ಮಾಡಿದ ಕೆಲಸ ನೋಡಿ ಐದು ವರ್ಷಕ್ಕೊಮ್ಮೆ ಶೇ. 80ರವರೆಗೆ ಹಿಂದಕ್ಕೆ ಕೊಡುವ ಕ್ರಮ. ಕೋರೆಗೆ ಇಂಥ ಹಂತಗಳಿಲ್ಲದಿದ್ದರೂ ದಾಖಲೆಯನ್ನು ಅದೇ ಮೂರು ಹಂತಗಳಲ್ಲಿ ಇಟ್ಟೆವು: ಮಣ್ಣು, ನೀರು, ಗಿಡ. ಗೂಟ ಹುಗಿದ ನಾಲ್ಕು ಜಾಗಗಳಿಂದಲೇ ಏಪ್ರಿಲ್, ಆಗಸ್ಟ್, ನವೆಂಬರಿನಲ್ಲಿ ಫೋಟೋ, ಸರ್ವೆ ನಕ್ಷೆ, ಲೋಡುಗಳ ಲೆಕ್ಕ, ಸತ್ತು ಮರುನೆಟ್ಟ ಗಿಡಗಳ ಪಟ್ಟಿ. ಅರ್ಜಿ ಹಾಕಿದ್ದು ಎರಡನೇ ಮಳೆಗಾಲ ಕಳೆದ ಮೇಲೆ. ಒಂದೇ ಮಳೆ ಕಂಡ ಭರ್ತಿ ಇನ್ನೂ ಕುಳಿತಿರುವುದಿಲ್ಲ, ಆಗಲೇ ತಪಾಸಣೆ ಮಾಡಿಸಿದರೆ ಬಿರುಕುಗಳೇ ಕಣ್ಣಿಗೆ ಬೀಳುತ್ತವೆ. ತಪಾಸಣೆಗೆ ಬಂದವರು ಹೆಚ್ಚು ಹೊತ್ತು ನೋಡಿದ್ದು ಆಗಸ್ಟಿನ ಫೋಟೋವನ್ನು: ಜಡಿಮಳೆಯಲ್ಲೂ ಹೊಂಡದ ಹೊರದಾರಿಯಲ್ಲಿ ಕೆಂಪಿಲ್ಲದ ನೀರು ಹರಿಯುತ್ತಿತ್ತು.