ಉದುರುದುರಾದ ಅನ್ನಕ್ಕೆ ಮುಚ್ಚಳ ಮುಟ್ಟದಿರುವುದೇ ಮುಖ್ಯ

ಕುಕ್ಕರ್ ಇಲ್ಲದೆ, ಗಂಜಿ ಬಸಿಯದೆ, ಬರೀ ಪಾತ್ರೆಯಲ್ಲಿ ಅನ್ನ ಮಾಡಲು ಹೊರಟವರು ಅಕ್ಕಿ, ನೀರು ಎರಡನ್ನೂ ಸರಿಯಾಗಿಯೇ ಅಳೆದಿರುತ್ತಾರೆ. ಆಮೇಲೆ ಎರಡು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕುತ್ತಾರೆ, ಸೌಟು ಹಾಕಿ ತಿರುವುತ್ತಾರೆ, ಬೆಂದಿತು ಅನ್ನಿಸಿದ ತಕ್ಷಣ ಬಡಿಸಲು ಹೊರಡುತ್ತಾರೆ. ಮೇಲೆ ಗಟ್ಟಿ ಅಗುಳು, ನಡುವೆ ಮುದ್ದೆ, ಅಡಿಯಲ್ಲಿ ಸೀದ ಅನ್ನ. ಒಳ್ಳೆಯ ಅಕ್ಕಿ ಹೀಗೆ ಹಾಳಾಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಮೊದಲು ಅಕ್ಕಿ. ಹಳೆಯ ಅಕ್ಕಿಯನ್ನೇ ಆರಿಸಿ. ಹೊಸ ಅಕ್ಕಿಯಲ್ಲಿ ತೇವ ಹೆಚ್ಚು, ಬೇಗ ಅಂಟುತ್ತದೆ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್ ಎಂಬ ಅಂಶ ಹೆಚ್ಚಿದ್ದಷ್ಟೂ ಅಗುಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ಬಾಸ್ಮತಿಯಂಥ ಉದ್ದ ಅಕ್ಕಿ ಉದುರಾಗುವುದು ಇದರಿಂದಲೇ. ನುಚ್ಚು ಬೆರೆತ ಅಗ್ಗದ ಅಕ್ಕಿ ಮಾತ್ರ ಬೇಡ. ಮುರಿದ ಕಾಳು ಪಿಷ್ಟ ಬಿಟ್ಟು ಪಾತ್ರೆಯಷ್ಟನ್ನೂ ಅಂಟು ಮಾಡುತ್ತದೆ. ಅಂಥದ್ದು ಮನೆಗೆ ಬಂದುಬಿಟ್ಟಿದ್ದರೆ ಜರಡಿ ಹಿಡಿದು ನುಚ್ಚು ತೆಗೆಯಿರಿ.

ಮೂರು ನಾಲ್ಕು ನೀರಿನಲ್ಲಿ ತೊಳೆದು ಅರ್ಧ ಗಂಟೆ ನೆನೆಸಿ, ಸೋಸಿಡಿ.

ಪಾತ್ರೆಯ ತಳ ದಪ್ಪಗಿರಬೇಕು, ಮುಚ್ಚಳ ಬಿಗಿಯಾಗಿ ಕೂರಬೇಕು. ತೆಳು ತಳದ ಪಾತ್ರೆಯಲ್ಲಿ ಎಷ್ಟು ಎಚ್ಚರವಿದ್ದರೂ ಅನ್ನ ತಳ ಹಿಡಿಯುತ್ತದೆ. ಮುಚ್ಚಳ ಸಡಿಲವಿದ್ದರೆ ಒಳಗೊಂದು ಒಣ ಹತ್ತಿ ಬಟ್ಟೆ ಹಾಸಿ, ಅಂಚುಗಳನ್ನು ಉರಿಗೆ ತಾಗದಂತೆ ಮುಚ್ಚಳದ ಮೇಲಕ್ಕೆ ಎತ್ತಿ ಕಟ್ಟಿ. ಹಬೆ ನೀರಾಗಿ ಅನ್ನದ ಮೇಲೆ ತೊಟ್ಟಿಕ್ಕುವುದನ್ನೂ ಆ ಬಟ್ಟೆ ತಡೆಯುತ್ತದೆ.

ನೆನೆದ ಅಕ್ಕಿ ಒಂದು ಲೋಟಕ್ಕೆ ಒಂದೂವರೆ ಲೋಟ ನೀರು, ನೆನೆಸದಿದ್ದರೆ ಎರಡರ ಹತ್ತಿರ. ಹೊಸ ಅಕ್ಕಿಗೆ ಇನ್ನೂ ಸ್ವಲ್ಪ ಕಡಿಮೆ. ಇಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ: ಅಕ್ಕಿ ಕುಡಿಯುವುದು ಹೆಚ್ಚುಕಡಿಮೆ ತನ್ನಷ್ಟೇ ಅಳತೆಯ ನೀರನ್ನು, ಉಳಿದದ್ದು ಹಬೆಯಾಗಿ ಹೋಗುತ್ತದೆ. ಅಕ್ಕಿ ನಾಲ್ಕು ಪಟ್ಟಾದರೆ ಹಬೆ ನಾಲ್ಕು ಪಟ್ಟಾಗುವುದಿಲ್ಲ. ಆದ್ದರಿಂದ ನಾಲ್ಕು ಲೋಟ ಅಕ್ಕಿಗೆ ಆರು ಲೋಟ ನೀರು ಸುರಿಯಬೇಡಿ, ಐದರ ಆಸುಪಾಸು ಸಾಕು.

ಎಸರು ಮರಳಿದ ಮೇಲೆ ಉಪ್ಪು, ಒಂದು ಚಮಚ ಎಣ್ಣೆ ಅಥವಾ ತುಪ್ಪ, ಆಮೇಲೆ ಅಕ್ಕಿ. ತಳದಿಂದ ಒಂದು ಸಲ ಕೈಯಾಡಿಸಿ ಸೌಟನ್ನು ದೂರ ಇಟ್ಟುಬಿಡಿ. ಮತ್ತೆ ಮತ್ತೆ ತಿರುವಿದರೆ ಮೆತ್ತಗಾದ ಕಾಳು ಮುರಿದು ಪಿಷ್ಟ ಬಿಡುತ್ತದೆ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ನೀರು ಅಕ್ಕಿಯ ಮಟ್ಟಕ್ಕೆ ಇಳಿದು, ಮೇಲೆ ಅಲ್ಲಲ್ಲಿ ಸಣ್ಣ ತೂತು ಬಿದ್ದು ಅವುಗಳಿಂದ ಹಬೆ ಚಿಮ್ಮುವಾಗ ಮುಚ್ಚಳ ಹಾಕಿ. ಸಣ್ಣ ಬರ್ನರಿಗೆ ಬದಲಿಸಿ ಉರಿಯನ್ನು ಆದಷ್ಟೂ ತಗ್ಗಿಸಿ. ಅಷ್ಟಾದರೂ ಉರಿ ಜೋರೆನಿಸಿದರೆ ಪಾತ್ರೆಯ ಕೆಳಗೊಂದು ಕಬ್ಬಿಣದ ಹೆಂಚು ಇಡಿ. ವಿದ್ಯುತ್ ಒಲೆಯಾದರೆ ಕಾಯಿಲ್ ಬೇಗ ತಣಿಯುವುದಿಲ್ಲ. ಇನ್ನೊಂದು ಒಲೆಯನ್ನು ಮೊದಲೇ ಸಣ್ಣಗೆ ಹಚ್ಚಿಟ್ಟು ಪಾತ್ರೆಯನ್ನು ಅದಕ್ಕೆ ಸರಿಸಿ. ಇನ್ನು ಹತ್ತು ಹನ್ನೆರಡು ನಿಮಿಷ ಮುಚ್ಚಳ ತೆಗೆಯಲೇಬಾರದು. ಈಗ ಮೇಲಿನ ಅಗುಳನ್ನು ಬೇಯಿಸುತ್ತಿರುವುದು ಹಬೆ. ಮುಚ್ಚಳ ತೆಗೆದಾಗಲೆಲ್ಲ ಅದು ಹೊರಗೆ ಹೋಗುತ್ತದೆ, ಮತ್ತೆ ಕೂಡಿಕೊಳ್ಳುವಷ್ಟರಲ್ಲಿ ತಳ ಸೀಯುತ್ತದೆ.

ಹಾಗಾದರೆ ಬೆಂದದ್ದು ಗೊತ್ತಾಗುವುದು ಹೇಗೆ? ಕಿವಿಗೊಡಿ. ನೀರಿರುವವರೆಗೆ ಒಳಗೆ ಗುಳುಗುಳು ಸದ್ದು ಇರುತ್ತದೆ. ಅದು ನಿಂತು ಸಣ್ಣಗೆ ಚರಚರ ಎಂದರೆ ನೀರು ಮುಗಿದಿದೆ, ಒಲೆ ಆರಿಸಿ. ಸೀದ ವಾಸನೆ ಬರುವವರೆಗೆ ಕಾದರೆ ತಡವಾಯಿತು.

ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಮುಚ್ಚಳ ಹಾಗೇ ಇರಲಿ. ಆಗ ತಳದ ಅನ್ನದಲ್ಲಿ ತೇವ ಹೆಚ್ಚಿರುತ್ತದೆ, ಮೇಲಿನದು ಒಣಗಿರುತ್ತದೆ. ಈ ಹೊತ್ತಿನಲ್ಲಿ ತೇವ ಎಲ್ಲೆಡೆ ಸಮನಾಗಿ ಹರಡಿ ಅಗುಳಿನ ಮೈ ಗಟ್ಟಿಯಾಗುತ್ತದೆ. ಹಸಿವಾಗಿದೆ ಎಂದು ಈ ಹತ್ತು ನಿಮಿಷವನ್ನು ಬಿಟ್ಟರೆ ಅಲ್ಲಿಯವರೆಗೆ ಪಟ್ಟ ಶ್ರಮವೆಲ್ಲ ದಂಡ. ಕೊನೆಗೆ ಸೌಟಿನಿಂದ ಒತ್ತದೆ, ಫೋರ್ಕಿನಿಂದ ಅಂಚಿನ ಕಡೆಯಿಂದ ಹಗುರವಾಗಿ ಬಿಡಿಸಿ.

ಗಟ್ಟಿಯಾಗಿ ಉಳಿದಿದ್ದರೆ ಎರಡು ಚಮಚ ಬಿಸಿನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ ಇಡಿ. ತಣ್ಣೀರು ಬೇಡ. ತೀರಾ ಮೆತ್ತಗಾಗಿದ್ದರೆ ಅಗಲ ತಟ್ಟೆಯಲ್ಲಿ ಹರಡಿ. ತಳ ಸೀದಿದ್ದರೆ ಕೆರೆಯಲು ಹೋಗದೆ ಮೇಲಿನ ಅನ್ನವನ್ನು ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ.

ಉಳಿದ ಅನ್ನವನ್ನು ರಾತ್ರಿಯಿಡೀ ಹೊರಗಿಡಬೇಡಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಅನ್ನವನ್ನು ಹರಡಿ ಬೇಗ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ ಸೇರಿಸಿ.